ರೈಟ್ ಟರ್ನ್ ಮಾಯವಾಗಿಲ್ಲ, ನಮ್ಮ ಕ್ರಾಸಿಗೆ ಬಂದಿದೆ

ನಮ್ಮ ಸರ್ಕಲ್‌ಗೆ ಇವತ್ತು ಹೊಸ ಬೋರ್ಡ್ ಬಂದಿದೆ. ಬಲಕ್ಕೆ ತಿರುಗುವ ಹಾಗಿಲ್ಲ ಅನ್ನುವ ಅದೇ ಕೆಂಪು ವೃತ್ತ. ಕೆಳಗೆ ಮಾತ್ರ ಸಣ್ಣ ಅಕ್ಷರದಲ್ಲಿ ಸಮಯ ಸೇರಿಸಿದ್ದಾರೆ: ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 9. ಇಷ್ಟು ತಿಂಗಳು ಹಗಲು ರಾತ್ರಿ ಬಂದ್ ಇದ್ದ ರೈಟ್ ಟರ್ನ್ ಇನ್ನು ಮಧ್ಯಾಹ್ನ ಓಪನ್. ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಚಪ್ಪಾಳೆಯೋ ಚಪ್ಪಾಳೆ. 'ಕೊನೆಗೂ ನಮ್ಮ ಮಾತು ಕೇಳಿದರು' ಅಂತ ಒಬ್ಬರು ಬರೆದಿದ್ದಾರೆ.

ಯಾರ ಮಾತು ಸ್ವಾಮಿ? ಮಧ್ಯಾಹ್ನ ನಮ್ಮ ಕ್ರಾಸಿನಲ್ಲಿ ನಾಯಿ ನಡುರಸ್ತೆಯಲ್ಲಿ ಮಲಗಿರುತ್ತದೆ. ಆ ಹೊತ್ತಿನಲ್ಲಿ ತೊಂದರೆ ಇದ್ದದ್ದಾದರೂ ಯಾರಿಗೆ? ಗೋಳು ಇರುವುದೇ 8ರಿಂದ 11ರವರೆಗೆ, ಆಮೇಲೆ 5ರಿಂದ 9ರವರೆಗೆ. ಆ ಎರಡು ಹೊತ್ತನ್ನು ಮಾತ್ರ ನಮಗೆ ಜೋಪಾನವಾಗಿ ಉಳಿಸಿಕೊಟ್ಟಿದ್ದಾರೆ.

ಸರ್ಕಲ್ ಹೆಸರು ಹೇಳಲ್ಲ. ಬೆಂಗಳೂರಿನ ಯಾವ ಮೂಲೆಯಲ್ಲಿ ಇರುವವರಿಗೂ ಇದು ತಮ್ಮದೇ ಸರ್ಕಲ್ ಅನ್ನಿಸುತ್ತದೆ, ಅನ್ನಿಸಲಿ ಬಿಡಿ.

ಸಿವಿಲ್ ಎಂಜಿನಿಯರಿಂಗ್ ಓದಿ ಬ್ಯಾಂಕಿನ ಕೌಂಟರ್‌ನಲ್ಲಿ ಕೂತವಳು ನಾನು. ಹಾಗಾಗಿ ರೈಟ್ ಟರ್ನ್ ಯಾಕೆ ಬಂದ್ ಮಾಡುತ್ತಾರೆ ಅಂತ ನನಗೆ ಯಾರೂ ಪಾಠ ಹೇಳಬೇಕಿಲ್ಲ. ನಾವು ಎಡಕ್ಕೆ ಓಡಿಸುವವರು. ಬಲಕ್ಕೆ ತಿರುಗಬೇಕಾದರೆ ಎದುರಿನಿಂದ ಬರುವವರನ್ನು ಅಡ್ಡ ದಾಟಲೇಬೇಕು. ನಾಲ್ಕು ರಸ್ತೆ ಕೂಡುವ ಮಾಮೂಲಿ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳು 32 ಅಂತ ಪುಸ್ತಕದಲ್ಲೇ ಇದೆ. ಅದರಲ್ಲಿ ಅಡ್ಡ ದಾಟುವಂಥವು 16. ನಾಲ್ಕೂ ಕಡೆ ರೈಟ್ ಟರ್ನ್ ತೆಗೆದರೆ ಆ 16 ನಾಲ್ಕಕ್ಕೆ ಇಳಿಯುತ್ತದೆ. ಒಂದೊಂದು ರಸ್ತೆಗೂ ಬೇರೆ ಬೇರೆ ಗ್ರೀನ್ ಕೊಡುವ ಬದಲು ಎದುರುಬದುರು ರಸ್ತೆಗಳನ್ನು ಒಟ್ಟಿಗೆ ಬಿಡಬಹುದು. ಪ್ರತಿ ಸಲ ಸಿಗ್ನಲ್ ಬದಲಾಗುವಾಗ ಹಳದಿ, ಕೆಂಪು ಅಂತ ಸುಮ್ನೆ ಹಾಳಾಗುವ ಸೆಕೆಂಡುಗಳೂ ಉಳಿಯುತ್ತವೆ. ಇದೆಲ್ಲ ನಿಜ. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಲೆಕ್ಕ ಜಂಕ್ಷನ್‌ನ ಗೆರೆ ದಾಟಿ ಆಚೆ ಬರುವುದೇ ಇಲ್ಲ. ಬಲಕ್ಕೆ ಹೋಗಬೇಕಾದವರು ಬೋರ್ಡ್ ನೋಡಿ ಮನೆಗೆ ವಾಪಸ್ ಹೋಗುತ್ತಾರಾ? ಇಲ್ಲ ತಾನೇ. ಸಿಗ್ನಲ್ ದಾಟಿ ನೇರ ಹೋಗುತ್ತಾರೆ. ಎಡಕ್ಕೆ ತಿರುಗುತ್ತಾರೆ, ಮತ್ತೆ ಎಡಕ್ಕೆ, ಮತ್ತೊಮ್ಮೆ ಎಡಕ್ಕೆ. ಮೂರು ಲೆಫ್ಟ್ ಸೇರಿದರೆ ಒಂದು ರೈಟ್. ಆ ಮೂರರಲ್ಲಿ ನಡುವಿನ ಲೆಫ್ಟ್ ನಮ್ಮ ಕ್ರಾಸ್! ಮನೆ ಗುಡಿಸಿ ಕಸವನ್ನು ಪಕ್ಕದವರ ಬಾಗಿಲಿಗೆ ತಳ್ಳಿ, ನೋಡಿ ಎಷ್ಟು ಚೊಕ್ಕ ಅಂದ ಹಾಗಾಯಿತು.

ಇವತ್ತಿನ ದೃಶ್ಯ ಕೇಳಿ. ಎಂಟೂವರೆ ಹೊತ್ತು. ಆ ಕಡೆಯಿಂದ ನೀರಿನ ಟ್ಯಾಂಕರ್, ಈ ಕಡೆಯಿಂದ ಸ್ಕೂಲ್ ವ್ಯಾನ್. ಮಧ್ಯೆ ತರಕಾರಿ ಗಾಡಿಯಾತ. ವ್ಯಾನ್ ಹಿಂದೆ ಮ್ಯಾಪ್ ನಂಬಿ ಬಂದ ಕಾರುಗಳ ಸಾಲು, ಸಂದಿಯಲ್ಲೆಲ್ಲ ಡೆಲಿವರಿ ಹುಡುಗರ ಬೈಕು. 'ಸ್ವಲ್ಪ ರಿವರ್ಸ್ ತಗೊಳ್ರೀ' ಅಂತ ಒಬ್ಬ, 'ನೀನ್ ತಗೋಳಯ್ಯ' ಅಂತ ಇನ್ನೊಬ್ಬ. ಎದುರುಮನೆಯ ಅಜ್ಜಿ ಹೂವು ತರಲು ಗೇಟ್ ತೆಗೆದವರು ಹಾಗೇ ಮುಚ್ಚಿಕೊಂಡು ಒಳಗೆ ಹೋದರು. ಅವರು ದಿನಾ ಆ ಹೊತ್ತಿಗೆ ದೇವಸ್ಥಾನಕ್ಕೂ ಹೋಗುತ್ತಿದ್ದರು, ಈಗ ಹೋಗುತ್ತಿಲ್ಲ. ಇದು ಯಾವ ಸರ್ವೆಯಲ್ಲಿ ಬರುತ್ತದೆ ಹೇಳಿ.

'ಮೇಡಂ, ಮೈನ್ ರೋಡ್ ಎಷ್ಟು ಫ್ರೀ ಆಗಿದೆ ನೋಡಿ' ಅಂತ ಗ್ರೂಪಿನಲ್ಲಿ ಒಬ್ಬರು ನನಗೇ ಹೇಳಲು ಬಂದರು. ಆಗಿದೆ. ಅಕ್ಕನ ಮನೆಗೆ ನೇರ ಹೋಗುವ ದಿನ ನನಗೂ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದೇ ಸಿಗ್ನಲ್‌ಗೆ ದಾಟಿಬಿಡುತ್ತೇನೆ. ಆ ಎರಡು ನಿಮಿಷ ನನಗೆ ನಮ್ಮ ಎದುರುಮನೆಯ ಅಜ್ಜಿಯ ಲೆಕ್ಕದಿಂದ ಬಂದದ್ದು, ಅಷ್ಟೇ. ನೇರ ಹೋಗುವವರಿಗೆ ಉಳಿದ ಹೊತ್ತನ್ನು ಮಾತ್ರ ಕೂಡಿಸಿ, ಸುತ್ತು ಹಾಕುವವರದ್ದನ್ನು ಕಳೆಯದೆ 'ಉಳಿತಾಯ' ಅಂದರೆ ಹೇಗೆ? ಬ್ಯಾಂಕಿನಲ್ಲಿ ಹೀಗೆ ಲೆಡ್ಜರ್ ಬರೆದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಸುತ್ತು ಹಾಕುವವರ ಜೇಬಿಗೂ ಲೆಕ್ಕ ಇದೆ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಆಟೋ ಮೀಟರ್ ಕಿಲೋಮೀಟರಿಗೆ 18 ರೂಪಾಯಿ. ಮೀಟರ್ ಹಾಕುವ ಆಟೋ ಸಿಕ್ಕಿದರೆ ಅನ್ನಿ. ಆ ಸುತ್ತಿನ ದುಡ್ಡನ್ನು ಸವಾರಿ ಕೂತವರೇ ಕೊಡಬೇಕು.

ಇದು ನಮ್ಮ ಸರ್ಕಲ್ ಒಂದರ ಕಥೆಯೂ ಅಲ್ಲ. ಈ ಊರಿನ ಮೊದಲ ಮದ್ದೇ ಇದು. ರೆಸಿಡೆನ್ಸಿ ರೋಡ್, ರಿಚ್ಮಂಡ್ ರೋಡ್ ಒನ್‌ವೇ ಆಗಿ ಎಷ್ಟು ಕಾಲವಾಯಿತು. ಔಟರ್ ರಿಂಗ್ ರೋಡ್‌ನಲ್ಲಿ ಡಿವೈಡರ್‌ನ ಸಂದಿ ಮುಚ್ಚಿ, ಎದುರಿಗೇ ಕಾಣುವ ಆಫೀಸಿಗೆ ಹೋಗಲು ಮುಂದಿನ ಯೂ ಟರ್ನ್‌ವರೆಗೆ ಹೋಗಿ ಬನ್ನಿ ಅನ್ನುತ್ತಾರೆ. ಈಗ ಹಲವು ಜಂಕ್ಷನ್‌ಗಳಿಗೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರ ಅಡಾಪ್ಟಿವ್ ಸಿಗ್ನಲ್ ಬಂದಿದೆ. ಎಷ್ಟು ಗಾಡಿ ಬರುತ್ತಿವೆ ಅಂತ ಕ್ಯಾಮೆರಾದಲ್ಲಿ ನೋಡಿಕೊಂಡು ತಾನೇ ಗ್ರೀನ್ ಟೈಮ್ ಹೆಚ್ಚುಕಡಿಮೆ ಮಾಡುತ್ತದೆ. ಒಳ್ಳೆಯದೇ. ಆದರೆ ಆ ಕ್ಯಾಮೆರಾಗೂ ಕಾಣುವುದು ಸಿಗ್ನಲ್‌ಗೆ ಬಂದು ನಿಂತ ಗಾಡಿ. ನಮ್ಮ ಕ್ರಾಸಿನಲ್ಲಿ ಸಿಕ್ಕಿಕೊಂಡ ವ್ಯಾನ್ ಅದರ ಪಾಲಿಗೆ ಇಲ್ಲವೇ ಇಲ್ಲ.

ಇನ್ನು ಆ ಬೋರ್ಡ್. ಮೋಟಾರು ವಾಹನ ಕಾಯ್ದೆ 1988ರ 115ನೇ ಸೆಕ್ಷನ್ ಓದಿ, ಚಿಕ್ಕದೇ ಇದೆ. ಇಂಥ ನಿರ್ಬಂಧ ಹಾಕಿದರೆ ಸರಿಯಾದ ಜಾಗದಲ್ಲಿ ಬೋರ್ಡ್ ಹಾಕಬೇಕು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಮಾತ್ರ ಸರ್ಕಾರಿ ಗೆಜೆಟ್‌ನಲ್ಲಿ ಅಧಿಸೂಚನೆ ಬೇಕಿಲ್ಲ, ಆಗಲೂ ಸ್ಥಳೀಯರಿಗೆ ಸಾಧ್ಯವಾದಷ್ಟು ತಿಳಿಸಬೇಕು. ಅದಕ್ಕಿಂತ ಜಾಸ್ತಿ ದಿನ ಅಂದರೆ ಅಧಿಸೂಚನೆ ಬೇಕು. ನಮ್ಮ ಬೋರ್ಡ್ ಇರುವುದು ಹೊಂಗೆ ಮರದ ಹಿಂದೆ, ಸರಿಯಾಗಿ ಸಿಗ್ನಲ್ ಪಕ್ಕ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ನೀವು ಬಲಗಡೆ ಲೇನ್‌ನಲ್ಲಿ, ಹಿಂದೆ ಬಸ್ಸಿನ ಹಾರ್ನ್. 'ಬೆಳಿಗ್ಗೆ 8ರಿಂದ 11' ಅಂತ ಓದಿ, ಗಡಿಯಾರ ನೋಡಿ, ನಿರ್ಧಾರ ಮಾಡುವಷ್ಟರಲ್ಲಿ ಕ್ಯಾಮೆರಾ ಫೋಟೋ ತೆಗೆದಾಗಿರುತ್ತದೆ. 500 ರೂಪಾಯಿ. (ಕಟ್ಟಬೇಡಿ, ಅರ್ಧ ರೇಟಿನ ಆಫರ್‌ಗೆ ಕಾಯಿರಿ ಅನ್ನುವ ಜಾಣರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. 2023ರ ಫೆಬ್ರವರಿಯಲ್ಲಿ ಶೇ. 50 ರಿಯಾಯಿತಿ ಕೊಟ್ಟು ಅಭ್ಯಾಸ ಮಾಡಿಸಿದ್ದಾರಲ್ಲ.)

ಹಾಗಾದರೆ ರೈಟ್ ಟರ್ನ್ ತೆಗೆಯಲೇಬಾರದಾ ಅಂತ ಕೇಳುವವರಿಗೆ: ತೆಗೆಯಿರಿ. ಆದರೆ ತೆಗೆಯುವ ಮೊದಲು ಎಷ್ಟು ಜನ ಬಲಕ್ಕೆ ಹೋಗುತ್ತಾರೆ ಅಂತ ಎಣಿಸಿ. ತೆಗೆದ ಮೇಲೆ ಅವರು ಎಲ್ಲಿ ಹೋದರು ಅಂತಲೂ ಎಣಿಸಿ. ಕ್ರಾಸಿನ ಬಾಯಲ್ಲಿ ಎಣಿಸಿ, ಮುಂದಿನ ಯೂ ಟರ್ನ್‌ನಲ್ಲಿ ಎಣಿಸಿ. ತೀರಾ ಜಾಸ್ತಿ ಇದ್ದರೆ ಬಲಕ್ಕೆ ಹೋಗುವವರಿಗೆ ಬೇರೆ ಲೇನ್, ಬೇರೆ ಬಾಣದ ಸಿಗ್ನಲ್ ಕೊಡಿ, ಇಪ್ಪತ್ತೇ ಸೆಕೆಂಡ್ ಆದರೂ ಸರಿ. ಸಮಯ ಬದಲಾಯಿಸುವುದಾದರೂ ಆ ಎಣಿಕೆ ನೋಡಿ ಬದಲಾಯಿಸಿ. ಕಾಲೇಜಿನಲ್ಲಿದ್ದಾಗ ನಮ್ಮನ್ನು ಪ್ಯಾಡ್ ಪೆನ್ಸಿಲ್ ಕೊಟ್ಟು ಸರ್ಕಲ್‌ನಲ್ಲಿ ನಿಲ್ಲಿಸುತ್ತಿದ್ದರು. ಐದು ಗಾಡಿಗೆ ನಾಲ್ಕು ಗೆರೆ, ಅಡ್ಡ ಒಂದು. ರಸ್ತೆಯಲ್ಲಿ ಹಿಡಿಯುವ ಜಾಗ ನೋಡಿ ಲೆಕ್ಕದಲ್ಲಿ ಕಾರಿಗೆ ಒಂದು ತೂಕ, ಬೈಕಿಗೆ ಕಡಿಮೆ, ಬಸ್ಸಿಗೆ ಜಾಸ್ತಿ. ಇದಕ್ಕೆ ಯಾವ ಕೃತಕ ಬುದ್ಧಿಮತ್ತೆಯೂ ಬೇಡ, ಎರಡು ಹೊತ್ತು ನಾಲ್ಕು ಜನ ನಿಂತರೆ ಸಾಕು.

ಹಾಗಾಗಿ ಬರುವ ಮಂಗಳವಾರ ನಾನೇ ಬಾಲ್ಕನಿಯಲ್ಲಿ ಕೂರುತ್ತೇನೆ. ವಾರದ ಮಧ್ಯದ ಮಾಮೂಲಿ ದಿನವೇ ಆಗಬೇಕು, ಭಾನುವಾರದ ಲೆಕ್ಕ ಕೊಟ್ಟರೆ ನಗುತ್ತಾರೆ. ಬೆಳಿಗ್ಗೆ ಪಾಳಿ ನನ್ನದು. ಪಕ್ಕದ ಮನೆಯ ಪಿಯುಸಿ ಹುಡುಗಿ ಬೈಕ್ ಎಣಿಸಲು ಒಪ್ಪಿದ್ದಾಳೆ. ಸಂಜೆ 5ರಿಂದ 9ಕ್ಕೆ ಇಬ್ಬರು ಬೇಕು. ಗ್ರೂಪಿನಲ್ಲಿ ಚಪ್ಪಾಳೆ ತಟ್ಟಿದವರೇ ಬಂದರೆ ಇನ್ನೂ ಸಂತೋಷ. ಇನ್‌ಬಾಕ್ಸ್‌ನಲ್ಲಿ ಹೇಳಿ. ಬರುವುದಾದರೆ ದಯವಿಟ್ಟು ನಡೆದುಕೊಂಡು ಬನ್ನಿ, ನಮ್ಮ ಕ್ರಾಸಿನಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ.