ಬಿಸಿಲು ಹಾಕಿದ ಟೋಪಿ

ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಹೊಸ ಟೋಪಿಯ ದಾರ ಕತ್ತರಿಸಿದೆ. ಅಗಲ ಅಂಚಿನ ಟೋಪಿ. ಗಲ್ಲದ ಕೆಳಗೆ ಕಟ್ಟಿಕೊಳ್ಳಲು ಎರಡೂ ಕಡೆಯಿಂದ ದಾರ ಇಳಿಬಿದ್ದಿತ್ತು. ಕಟ್ಟಿಕೊಂಡು ಕನ್ನಡಿ ನೋಡಿದರೆ ಛದ್ಮವೇಷ ಸ್ಪರ್ಧೆಗೆ ಹೊರಟ ಎಲ್‌ಕೆಜಿ ಮಗುವಿನ ಹಾಗಿದ್ದೆ, ಮೀಸೆ ಒಂದು ಬಿಟ್ಟು.

"ಅದ್ಯಾಕ್ರೀ ಕತ್ತರಿಸ್ತೀರಾ? ಇರ್ಲಿ ಬಿಡಿ" ಎಂದಳು ಹೆಂಡತಿ.

"ನಿಂಗೊತ್ತಾಗಲ್ಲ ಕಣೇ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ."

ಮುಂದಿನ ಆರು ದಿನದ ಅನಾಹುತಗಳಿಗೆಲ್ಲ ಬೀಜ ಆ ಮಾತಿನಲ್ಲೇ ಇತ್ತು. ನಾನು ಸೂಟ್‌ಕೇಸ್ ತುಂಬಿಸಿದ್ದು ಬಿಸಿಲಿಗಲ್ಲ, ಫೋಟೋಗೆ.

ಹೋಗಿದ್ದು ಬಿಸಿಲಿಗೇ ಹೆಸರಾದ ಒಂದು ಊರಿಗೆ. ಹೆಸರು ಹೇಳುವುದಿಲ್ಲ, ಪಾಪ, ಊರಿನ ತಪ್ಪೇನೂ ಇರಲಿಲ್ಲ. ಮಧ್ಯಾಹ್ನ 41 ಡಿಗ್ರಿ. ಕೋಟೆ, ಅರಮನೆ, ಗೋಪುರ, ಮ್ಯೂಸಿಯಂ, ಎಲ್ಲವನ್ನೂ ನಡೆದೇ ನೋಡಬೇಕು. ಅದಕ್ಕೆ ನಾನು ಹೊತ್ತಿದ್ದು ಎರಡು ಜೀನ್ಸ್, ಮೈಗೆ ಅಂಟುವ ಐದು ಟೀ ಶರ್ಟು, ಸಂಜೆಗೆ ಇರಲಿ ಎಂದು ಒಂದು ಜಾಕೆಟ್ಟು, ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದ ಹೊಸ ಶೂ. ಸಂಜೆ ಏಳಕ್ಕೆ ಅಲ್ಲಿ 36 ಡಿಗ್ರಿ ಇರುತ್ತಿತ್ತು. ಜಾಕೆಟ್ಟು ಹೋದ ಮಡಿಕೆಯಲ್ಲೇ ವಾಪಸ್ ಬಂತು.

ಜೀನ್ಸ್ ಇಡದೆ ಸೂಟ್‌ಕೇಸ್ ಮುಚ್ಚಲು ನನಗೆ ಬರುವುದೇ ಇಲ್ಲ. ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೆವಿ ಸ್ಟ್ರಾಸ್ ಎಂಬ ವ್ಯಾಪಾರಿ ಸೇರಿ, ಜೇಬಿನ ಮೂಲೆ ಹರಿಯದಂತೆ ಪ್ಯಾಂಟಿಗೆ ತಾಮ್ರದ ರಿವೆಟ್ ಹೊಡೆಯುವುದಕ್ಕೆ 1873ರಲ್ಲಿ ಪೇಟೆಂಟ್ ಪಡೆದರು. ಮೈಮುರಿದು ದುಡಿಯುವವರಿಗಾಗಿ ಮಾಡಿದ ಪ್ಯಾಂಟು ಅದು. ಬಂಡೆ ಒಡೆಯುವವರು ಹಾಕಿಕೊಂಡರೆ ಅರ್ಥ ಇದೆ. ನಾನು ಹೊರಟಿದ್ದು ಬಂಡೆ ನೋಡಲು.

ಹೆಂಡತಿಯದು ಒಂದೇ ಪುಟ್ಟ ಬ್ಯಾಗು. ತೊಳೆದು ತೊಳೆದು ಮೆತ್ತಗಾದ ನಾಲ್ಕು ಕಾಟನ್ ಕುರ್ತಾ, ಹಳೇ ಚಪ್ಪಲಿ, ಬಟ್ಟೆ ಒಣಹಾಕಲು ಹಗ್ಗ, ಒಂದು ಗೊಂಚಲು ಸೇಫ್ಟಿ ಪಿನ್ನು, ಹೂವಿನ ಪ್ರಿಂಟಿನ ದೊಡ್ಡ ದುಪಟ್ಟಾ.

"ಇಷ್ಟೇನಾ?" ಎಂದೆ, ಕರುಣೆಯಿಂದ.

"ಒಗ್ದು ಹಾಕ್ಕೊಂಡ್ರಾಯ್ತಪ್ಪ."

ಮೊದಲ ಪೆಟ್ಟು ವಿಮಾನ ನಿಲ್ದಾಣದಲ್ಲೇ ಬಿತ್ತು. ಕೈಚೀಲದಲ್ಲಿದ್ದ ಸನ್‌ಸ್ಕ್ರೀನನ್ನು ತಪಾಸಣೆಯವರು ಎತ್ತಿ ಪಕ್ಕಕ್ಕಿಟ್ಟರು. "ಸಾರ್, ಅದರಲ್ಲಿ ಕಾಲು ಭಾಗ ಮಾತ್ರ ಇರೋದು" ಎಂದೆ. ಅವರು ಬಾಟಲಿಯ ಮೇಲಿನ 200 ಮಿಲಿ ಎಂಬ ಅಕ್ಷರದ ಮೇಲೆ ಬೆರಳಿಟ್ಟರು. 2006ರಲ್ಲಿ ಬ್ರಿಟನ್ನಿನಲ್ಲಿ ದ್ರವರೂಪದ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ 100 ಮಿಲಿ ನಿಯಮ ಅದು. ಬಾಟಲಿ ಎಷ್ಟು ದೊಡ್ಡದು ಅಂತ ಮಾತ್ರ ನೋಡುತ್ತಾರೆ, ಒಳಗೆ ಎಷ್ಟಿದೆ ಅಂತಲ್ಲ. ಅಷ್ಟರಲ್ಲಿ ಸೂಟ್‌ಕೇಸಿನೊಳಗೆ ಹಾಕಿ ಕಳಿಸಿದ್ದ ಪವರ್ ಬ್ಯಾಂಕಿಗಾಗಿ ನನ್ನ ಹೆಸರನ್ನು ಮೈಕಿನಲ್ಲಿ ಕೂಗಿದರು. ಅದು ಕೈಚೀಲದಲ್ಲೇ ಇರಬೇಕಂತೆ. ಅಂದರೆ ನಾನು ಎರಡನ್ನೂ ಅದಲು ಬದಲು ಇಟ್ಟಿದ್ದೆ. ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ಸಮಾಧಾನ ಆಗುತ್ತಿತ್ತು.

ಮೊದಲ ದಿನ ಕಪ್ಪು ಟೀ ಶರ್ಟು ಹಾಕಿದೆ. "ಬಿಸಿಲಿಗೆ ಕಪ್ಪಾ?" ಎಂದು ಅವಳು ಕೇಳಿದಾಗ, ಓದಿಕೊಂಡವನ ಗತ್ತಿನಲ್ಲಿ, "ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಹಾಕ್ತಾರೆ ಗೊತ್ತಾ? 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಂಶೋಧನೆಯೇ ಬಂದಿದೆ" ಎಂದೆ. ಬಂದಿದ್ದು ನಿಜ. ನಾನು ಅರ್ಧ ಓದಿ ನಿಲ್ಲಿಸಿದ್ದೂ ನಿಜ. ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಜಾಸ್ತಿಯೇ ಕಾಯುತ್ತದೆ. ಆದರೆ ಆ ನಿಲುವಂಗಿ ದೊಗಳೆ. ಬಟ್ಟೆಗೂ ಮೈಗೂ ನಡುವೆ ಗಾಳಿ ಆಡುವುದರಿಂದ ಆ ಜಾಸ್ತಿ ಕಾವು ಚರ್ಮ ಮುಟ್ಟುವ ಮೊದಲೇ ಹೊರಟುಹೋಗುತ್ತದೆ. ನನ್ನ ಟೀ ಶರ್ಟಿಗೂ ಮೈಗೂ ನಡುವೆ ಬೆವರು ಬಿಟ್ಟು ಬೇರೇನೂ ಆಡಲು ಜಾಗ ಇರಲಿಲ್ಲ.

ಹೊಸ ಶೂ ಬಗ್ಗೆ ಜಾಸ್ತಿ ಹೇಳಲಾರೆ, ಈಗಲೂ ನೋವಾಗುತ್ತದೆ. ಸೆಕೆಗೆ ರಕ್ತನಾಳ ಹಿಗ್ಗಿ ಪಾದ ಊದುತ್ತದೆ. ಎಸಿ ಅಂಗಡಿಯಲ್ಲಿ ಬೆಳಗ್ಗೆ ಹತ್ತಕ್ಕೆ ಸರಿಹೋದ ಶೂ ಕೋಟೆಯ ಮೆಟ್ಟಿಲ ಮೇಲೆ ಮಧ್ಯಾಹ್ನ ಒಂದಕ್ಕೆ ಸರಿಹೋಗುವುದಿಲ್ಲ. ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಒಡೆದು, ಸಾಕ್ಸಿಗೆ ಅಂಟಿಕೊಂಡವು. ಉಳಿದ ಐದು ದಿನ ಹೋಟೆಲಿನ ಹತ್ತಿರ ಕೊಂಡ ಸ್ಯಾಂಡಲ್ಲಿನಲ್ಲೇ ಕಳೆದೆ. ಸ್ಯಾಂಡಲ್ಲಿನಲ್ಲಿ ಪಾದದ ಮೇಲ್ಭಾಗ ಬಿಸಿಲಿಗೆ ಕಾಣುತ್ತದೆ, ಅಲ್ಲಿಗೂ ಸನ್‌ಸ್ಕ್ರೀನ್ ಹಚ್ಚಬೇಕು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ? ಈಗ ನನ್ನ ಪಾದದ ಮೇಲೆ ಜೀಬ್ರಾ ಇದೆ.

ಎರಡನೇ ದಿನ ಜೀನ್ಸ್. ಇನ್ನು ನಾಲ್ಕು ಜನರ ಮುಂದೆ ಹೇಳಬಾರದ ವಿಷಯಕ್ಕೆ ಬರುತ್ತೇನೆ. ಪ್ರವಾಸಕ್ಕೆ ಏನೇನು ಒಯ್ಯಬೇಕು ಎಂದು ಊರೆಲ್ಲ ಸಲಹೆ ಕೊಡುತ್ತದೆ. ತೊಡೆಗೆ ತೊಡೆ ಉಜ್ಜುವುದರ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಬೆವರು ಆರುತ್ತದೆ, ಅದರ ಉಪ್ಪು ಅಲ್ಲೇ ಉಳಿಯುತ್ತದೆ. ಮೇಲೆ ಒದ್ದೆ ಜೀನ್ಸಿನ ದಪ್ಪ ಹೊಲಿಗೆ. ಆಮೇಲೆ ಹಾಕುವ ಒಂದೊಂದು ಹೆಜ್ಜೆಯೂ ಉಪ್ಪು ಕಾಗದದ ಉಜ್ಜು. ಮರಕ್ಕೆ ಉಜ್ಜುವ ಕಾಗದಕ್ಕೆ ಉಪ್ಪು ಕಾಗದ ಎಂದು ಹೆಸರಿಟ್ಟ ಪುಣ್ಯಾತ್ಮ ಯಾವತ್ತೋ ಒಂದು ದಿನ ಜೀನ್ಸ್ ಹಾಕಿಕೊಂಡು ಕೋಟೆ ಹತ್ತಿರಬೇಕು.

ಮಧ್ಯಾಹ್ನದ ಹೊತ್ತಿಗೆ, ದಿನವಿಡೀ ಕುದುರೆ ಮೇಲೆ ಕೂತು ಈಗಷ್ಟೇ ಇಳಿದ ಸರದಾರನ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದೆ. ಜಾಗವೂ ಕೋಟೆಯೇ ಆದ್ದರಿಂದ ಅಷ್ಟು ಆಭಾಸ ಆಗಲಿಲ್ಲ ಅಂದುಕೊಂಡಿದ್ದೆ. ಹಿಂದೆ ಬರುತ್ತಿದ್ದ ಪುಟ್ಟ ಹುಡುಗ ಅವನಮ್ಮನ ಕೈ ಜಗ್ಗಿ ನನ್ನನ್ನು ತೋರಿಸಿದ. ಭಾಷೆ ತಿಳಿಯಲಿಲ್ಲ, ಪ್ರಶ್ನೆ ತಿಳಿಯಿತು. ಅವನಮ್ಮ ಅವನ ಬೆರಳು ಮಡಚಿ, ನನ್ನ ಕಡೆ ಮರುಕದಿಂದ ನಕ್ಕಳು. ರಾತ್ರಿ ಹೆಂಡತಿ ಮಾತಿಲ್ಲದೆ ವ್ಯಾಸಲೀನ್ ಡಬ್ಬಿ ಮುಂದಿಟ್ಟಳು. ಬೆಳಗ್ಗೆ ಹೊರಡುವ ಮೊದಲೇ ಹಚ್ಚಿಕೊಳ್ಳಬೇಕಿತ್ತಂತೆ. "ಮೊದ್ಲೇ ಹೇಳಬಾರದಿತ್ತಾ?" ಎಂದೆ. "ನೀವು ಫೋಟೋ ತೆಗೆಸ್ಕೊಳ್ತಾ ಇದ್ರಲ್ಲ" ಎಂದಳು.

ಒಗೆದು ಹಾಕಿದ ಆ ಜೀನ್ಸ್ ಮಾರನೇ ದಿನವೂ ಸೊಂಟದ ಹತ್ತಿರ ಒದ್ದೆ ಇತ್ತು. ಅವಳ ಕುರ್ತಾ ಅದೇ ಹಗ್ಗದ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ಗರಿಗರಿ.

ಸನ್‌ಸ್ಕ್ರೀನ್ ಕಥೆ ಬೇರೆಯೇ ಇದೆ. ಹೊಸದಾಗಿ ಕೊಂಡ ಟ್ಯೂಬಿನ ಮೇಲೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 50 ಅಂತಿತ್ತು. ಐವತ್ತು ಅಂದರೆ ಮೂವತ್ತರ ಹತ್ತಿರ ಹತ್ತಿರ ಎರಡರಷ್ಟು, ಬೆಳಗ್ಗೆ ಒಂದು ಸಲ ಹಚ್ಚಿದರೆ ಸಂಜೆವರೆಗೂ ಚಿಂತೆಯಿಲ್ಲ ಎಂಬುದು ನನ್ನ ಲೆಕ್ಕ. ಆದರೆ ಸುಡುವ ಕಿರಣಗಳಲ್ಲಿ 30 ತಡೆಯುವುದು ಸುಮಾರು ಶೇಕಡ 97, ಐವತ್ತು ತಡೆಯುವುದು ಸುಮಾರು 98. ಯಾವುದೇ ಆದರೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲೇಬೇಕು. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು. ನಾನು ಮೊದಲ ಎರಡು ದಿನ ತಿಲಕ ಇಟ್ಟುಕೊಂಡಷ್ಟು ಹಚ್ಚಿದ್ದೆ. ಮೂಗಿನ ಸಿಪ್ಪೆ ಏಳತೊಡಗಿದ ಮೇಲೆ ಮೂರನೇ ದಿನ ಬುದ್ಧಿ ಬಂತು, ಅದೂ ಒಮ್ಮೆಗೇ ಬಂತು. ಹಣೆಗೆ ಗೋಡೆಗೆ ಸುಣ್ಣ ಬಳಿದಂತೆ ಬಳಿದೆ.

ಅವತ್ತು ಅರಮನೆ. ಗೈಡ್ ಒಳ್ಳೆಯ ಮಾತುಗಾರ. ಯುದ್ಧಕ್ಕೆ ಹೋದ ರಾಜನಿಗಾಗಿ ರಾಣಿ ಕಾಯುತ್ತಿದ್ದ ಕಿಟಕಿಯ ಕೆಳಗೆ ನಮ್ಮನ್ನೆಲ್ಲ ಬಿಸಿಲಲ್ಲೇ ನಿಲ್ಲಿಸಿದ. ಹಣೆಯ ಬೆವರು ಸನ್‌ಸ್ಕ್ರೀನನ್ನು ಕರೆದುಕೊಂಡು ಹುಬ್ಬು ದಾಟಿ ಕಣ್ಣಿಗಿಳಿಯಿತು. ಕಣ್ಣು ಉರಿ ಅಂದರೆ ಅಂಥಾ ಇಂಥಾ ಉರಿಯಲ್ಲ. ನೀರು ದಳದಳ ಸುರಿಯತೊಡಗಿತು. ಒರೆಸಿಕೊಳ್ಳೋಣ ಎಂದರೆ ಕೈಗೂ ಅದೇ ಬಳಿದಿದ್ದೆ. ಒರೆಸಿದಷ್ಟೂ ಹೆಚ್ಚಾಯಿತು.

ಗೈಡ್ ನನ್ನನ್ನು ನೋಡಿದ. ಒಂದು ಕ್ಷಣ ಮಾತು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಅವನ ರಾಣಿಗಾಗಿ ಬಿಕ್ಕಿದವನು ನಾನೇ ಮೊದಲಿಗ ಇರಬೇಕು. ಅವನ ದನಿಯೂ ಒದ್ದೆಯಾಯಿತು. ಬೇರೆಯವರಿಗೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕಥೆಯನ್ನು ನನ್ನೊಬ್ಬನಿಗಾಗಿ ಹಿಗ್ಗಿಸಿದ. ರಾಣಿಯ ತಂಗಿ ಬಂದಳು, ರಾಣಿಯ ಗಿಳಿ ಬಂತು, ಗಿಳಿಯೂ ಸತ್ತಿತು. ನಾನು ಇನ್ನೂ ಅಳುತ್ತಲೇ ಇದ್ದೆ. ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ನನ್ನ ಬೆನ್ನು ಸವರಿದರು. ಕೊನೆಗೆ ಗೈಡ್ ನನ್ನ ಎರಡೂ ಕೈ ಹಿಡಿದುಕೊಂಡು, "ಸಾರ್, ನಿಮ್ಮಂಥ ಹೃದಯ ಇರೋರು ಕಡಿಮೆ" ಎಂದ. ಬಿಸಿಲಲ್ಲಿ ನಲವತ್ತು ನಿಮಿಷ ನಿಂತಿದ್ದ ಉಳಿದವರು ನನ್ನ ಕಡೆ ನೋಡಿದ ನೋಟದಲ್ಲಿ ಹೃದಯದ ಸುಳಿವೂ ಇರಲಿಲ್ಲ.

ತೊಡೆಯ ದೆಸೆಯಿಂದ ನಾಲ್ಕನೇ ದಿನ ಚಡ್ಡಿಗೆ ಇಳಿದೆ. ಆ ದಿನದ ಮೊದಲ ಜಾಗವೇ ಒಂದು ಪ್ರಾರ್ಥನಾ ಮಂದಿರ. ಬಾಗಿಲಲ್ಲೇ ತಡೆದರು. ಮೊಣಕಾಲು ಕಾಣುತ್ತಿದೆ, ಆಗುವುದಿಲ್ಲ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನಲ್ಲೂ ಭುಜ ಮತ್ತು ಮೊಣಕಾಲು ಮುಚ್ಚಿರಬೇಕು ಎಂದು ಎಲ್ಲೋ ಓದಿದ್ದೆ. ಓದಿದ್ದು ನೆನಪಾಗುವುದು ಯಾವಾಗಲೂ ಬಾಗಿಲಲ್ಲೇ ಅಲ್ವಾ? ಹೆಂಡತಿ ಹೆಗಲ ದುಪಟ್ಟಾ ತೆಗೆದು ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ನಾಲ್ಕು ಸೇಫ್ಟಿ ಪಿನ್ನು ಹಾಕಿದಳು. ತಿಳಿಗುಲಾಬಿ ಬಣ್ಣ, ಮೇಲೆಲ್ಲ ಅಂಗೈಯಷ್ಟು ದೊಡ್ಡ ಹಳದಿ ಹೂವು.

ಮರ್ಯಾದೆ ಹೋದ ಬೇಸರದಲ್ಲೇ ಒಳಗೆ ನಡೆದೆ. ಹತ್ತು ಹೆಜ್ಜೆ ಆದ ಮೇಲೆ ಏನೋ ಬದಲಾಗಿದೆ ಅನ್ನಿಸಿತು. ಗಾಳಿ! ನಡೆದಂತೆಲ್ಲ ಬಟ್ಟೆ ತೂಗಿ ಕೆಳಗಿನಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ಉರಿ ಇಲ್ಲ, ಉಜ್ಜಾಟ ಇಲ್ಲ. ಬೆಡೂಯಿನ್ನರ ಸಂಶೋಧನೆಯ ಉಳಿದರ್ಧ ನನಗೆ ಅರ್ಥವಾಗಿದ್ದು ಅಲ್ಲಿ, ಹಳದಿ ಹೂವುಗಳ ಒಳಗೆ. ಹೊರಗೆ ಬಂದ ಮೇಲೂ ಬಿಚ್ಚಿ ಕೊಡಲಿಲ್ಲ. "ಕೊಡ್ರೀ, ತಲೆಗೆ ಬಿಸಿಲು ಬೀಳ್ತಿದೆ" ಎಂದಳು. ಟೋಪಿಯನ್ನೇ ಕೊಟ್ಟೆ. ಮುಂದಿನ ಮ್ಯೂಸಿಯಂನಲ್ಲಿ ಎಸಿ ಎಷ್ಟಿತ್ತೆಂದರೆ ಬೆವರಿಗೆ ನೆಂದಿದ್ದ ಬಟ್ಟೆ ಬೆನ್ನಿಗೆ ಐಸಿಟ್ಟಂತಾಯಿತು. ಅವಳು ಮತ್ತೆ ದುಪಟ್ಟಾ ಕೇಳಿದಳು. ಸೆಕೆಗೂ ಚಳಿಗೂ ದೇವರಿಗೂ ಒಂದೇ ಬಟ್ಟೆ ಅಂತ ಅವಳು ತಂದಿದ್ದು, ಅದನ್ನು ನಾನು ಉಟ್ಟಿದ್ದೆ. ಮೂರು ಗ್ಯಾಲರಿ ಪೂರ್ತಿ ಪಿಸುಮಾತಿನಲ್ಲೇ ಜಗಳ ಆಡಿದೆವು. ಪರದೇಶದ ಪ್ರವಾಸಿಗರಿಬ್ಬರು, ನನ್ನದು ಇಲ್ಲಿನ ಸಾಂಪ್ರದಾಯಿಕ ಉಡುಪು ಅಂದುಕೊಂಡು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಇಡೀ ಪ್ರವಾಸದಲ್ಲಿ ನನ್ನ ಫೋಟೋ ಬೇಕೆಂದು ಬೇರೆಯವರು ಕೇಳಿದ್ದು ಅದೊಂದೇ ಸಲ.

ಐದನೇ ದಿನ ಗೋಪುರದ ತುದಿ. ಮೇಲೆ ಗಾಳಿಯೋ ಗಾಳಿ. ಟೋಪಿ ಹಾಕಿಕೊಂಡು, ದೂರದ ಬೆಟ್ಟ ನೋಡುವವನ ಹಾಗೆ ಗಲ್ಲ ಎತ್ತಿ ನಿಂತೆ. "ತೆಗಿ" ಎಂದೆ. ಅವಳು ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ಫೋನು ಕಾದು, ತಣ್ಣಗಾಗುವವರೆಗೂ ಕೆಲಸ ಮಾಡುವುದಿಲ್ಲ ಎಂದು ಬರೆದು ಕೂತಿತು. ಅದೇ ಗಳಿಗೆಯಲ್ಲಿ ತಲೆ ಹಗುರಾಯಿತು.

ಟೋಪಿ ಅವಸರ ಮಾಡಲಿಲ್ಲ. ಒಂದು ಸುತ್ತು ಹೊಡೆಯಿತು, ಕೆಳಗಿನ ಮಾಡದ ಮೇಲೆ ಸ್ವಲ್ಪ ಹೊತ್ತು ತೇಲಿತು, ಆಮೇಲೆ ಯಾರೂ ಹೋಗಲಾಗದ ಒಂದು ಚಾಚುಗಲ್ಲಿನ ಮೇಲೆ, ನೆರಳು ನೋಡಿಕೊಂಡು ಕೂತಿತು. ಎರಡು ಪಾರಿವಾಳ ಬಂದು ಪರೀಕ್ಷೆ ಮಾಡಿದವು.

"ದಾರ ಇದ್ದಿದ್ರೆ..." ಎಂದು ಶುರು ಮಾಡಿದಳು.

"ಗೊತ್ತು" ಎಂದೆ.

ಆರನೇ ದಿನ ತಲೆಗೆ ಹೋಟೆಲಿನ ಟವೆಲ್ ಸುತ್ತಿಕೊಂಡು ತಿರುಗಿದೆ. ಅದರ ಫೋಟೋ ಯಾರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದ ಎರಡನೇ ದಿನ ಅವಳು ಕನ್ನಡಿ ಕೆಳಗಿನ ಡ್ರಾಯರ್ ತೆಗೆದಳು. ಕತ್ತರಿಯ ಪಕ್ಕದಲ್ಲಿ ಎರಡು ತುಂಡು ದಾರ, ಗಟ್ಟಿಮುಟ್ಟಾದ್ದು, ಒಂದೊಂದೂ ಒಂದು ಮೊಳ.

"ಇದ್ಯಾವ್ದರ ದಾರ ರೀ?" ಎಂದಳು. ಯಾವುದರದು ಎಂದು ಅವಳಿಗೆ ಚೆನ್ನಾಗಿ ಗೊತ್ತು.

"ಗೊತ್ತಿಲ್ಲ, ಎಸೆದುಬಿಡು."

ಎಸೆಯಲಿಲ್ಲ. ಎರಡನ್ನೂ ಗಂಟು ಹಾಕಿ, ಜಿಪ್ಪು ಕಿತ್ತುಹೋಗಿದ್ದ ನನ್ನ ಸೂಟ್‌ಕೇಸಿಗೆ ಬಿಗಿಯಾಗಿ ಸುತ್ತಿ ಅಟ್ಟಕ್ಕೆ ಎತ್ತಿಟ್ಟಳು. ಒಳಗೆ ಜಾಕೆಟ್ಟು ಹಾಗೇ ಇದೆ.