ಬಗ್ಗಿ ನೋಡೋಕೆ ಐದು ನಿಮಿಷ ಇಲ್ವಾ?

ನನ್ನ ಕಾರು 2006ರದ್ದು. ಒಂದು ವರ್ಷದಿಂದ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿದೆ. ಗ್ಯಾರೇಜಿಗೆ ಹೋದಾಗಲೆಲ್ಲ ಒಂದೇ ಮಾತು, "ವೀಲ್ ಅಲೈನ್‌ಮೆಂಟ್ ಮಾಡಿಸಿ ಸಾರ್, ಸರಿ ಹೋಗುತ್ತೆ." ಅಂದರೆ ಚಕ್ರಗಳ ಕೋನ ಸರಿಹೊಂದಿಸುವುದು. ಮೂರು ಸಲ ಮಾಡಿಸಿದೆ. ಹದಿನೈದು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ರಾಗ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟರೆ ಸ್ಟೀರಿಂಗ್ ಬಿಗಿ ಹಿಡಿದು ಹಿಡಿದು ಭುಜ ನೋಯುತ್ತದೆ. ಹಿಂದೆ ಮಕ್ಕಳು ಕೂತಿರುತ್ತಾರೆ, ಹೆದರಿಕೆ ಆಗಲ್ವಾ?

ಕೊನೆಗೆ ಭಾನುವಾರ ನಾನೇ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ನೋಡಿದೆ. ಮುಂದಿನ ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು, ಸವೆದಿದೆ. ಅದರ ರಬ್ಬರ್ ಬೂಟ್ ಹರಿದು, ಗ್ರೀಸಿಗೆ ಕೆಂಪು ಮಣ್ಣು ಸೇರಿ ಇಟ್ಟಿಗೆ ಥರ ಗಟ್ಟಿಯಾಗಿತ್ತು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್ ಕೂಡ ಬಿರುಕು ಬಿಟ್ಟಿದೆ. ಕೀಲೇ ಸಡಿಲ ಇದ್ದರೆ ಅಲೈನ್‌ಮೆಂಟ್ ನಿಲ್ಲುವುದಾದರೂ ಹೇಗೆ? ಮೊದಲು ಸವೆದದ್ದನ್ನು ಬದಲಿಸಬೇಕು, ಆಮೇಲೆ ಅಲೈನ್‌ಮೆಂಟ್.

ಮುಂದಿನ ಎರಡು ಟೈರ್ ಅದಲು ಬದಲು ಮಾಡಿದ್ದರೆ ತೊಂದರೆ ಟೈರಿನದ್ದಾ ಅಂತಲೂ ಗೊತ್ತಾಗುತ್ತಿತ್ತು. ಯಾರೂ ಮಾಡಲಿಲ್ಲ. ಸುಮ್ನೆ ದುಡ್ಡು ತಗೊಂಡರು. ಅಷ್ಟರಲ್ಲಿ ಎಡ ಟೈರಿನ ಒಳ ಅಂಚು ಸವೆದು ನೂಲು ಕಾಣುತ್ತಿದೆ. ಈಗ ಹೊಸ ಟೈರಿನ ಖರ್ಚು ಬೇರೆ.

"ಹಳೇ ಗಾಡಿ ಸಾರ್, ಮಾರಿಬಿಡಿ" ಅಂತಾರೆ. ಯಾಕೆ ಮಾರಬೇಕು? ಇಂಜಿನ್ ಇನ್ನೂ ಗಟ್ಟಿಯಾಗಿದೆ. ಅಪ್ಪ ಓಡಿಸುತ್ತಿದ್ದ ಕಾರು ಅದು.