ಮಡಕೆ ಇದ್ದರೆ ಹೆಂಗಸು, ಕತ್ತಿ ಇದ್ದರೆ ಗಂಡಸು

ಸತ್ತು ಸಾವಿರಾರು ವರ್ಷ ಆದ ಮೇಲೂ ನೆಮ್ಮದಿಯಾಗಿ ಮಲಗುವ ಹಾಗಿಲ್ಲ. ಯಾವ ಮಗ್ಗುಲಿಗೆ ಮಲಗಿದ್ದೀಯ, ಯಾಕೆ ಅಂತ ಕೇಳೋಕೆ ಯಾರಾದರೂ ಬಂದೇ ಬರುತ್ತಾರೆ. 2011ರಲ್ಲಿ ಪ್ರಾಗ್ ನಗರದಲ್ಲಿ ಸಿಕ್ಕ ಗೋರಿಗೆ ಆಗಿದ್ದು ಇದೇ.

ಕ್ರಿ.ಪೂ. 2900ರಿಂದ 2500ರ ನಡುವಿನ ಗೋರಿ ಅದು. ಹಸಿ ಮಡಕೆಯ ಮೇಲೆ ಹುರಿ ಒತ್ತಿ ಚಿತ್ತಾರ ಮಾಡುತ್ತಿದ್ದ ಜನರದು. ಅವರಲ್ಲಿ ಗಂಡಸನ್ನು ಬಲಮಗ್ಗುಲಿಗೆ, ತಲೆ ಪಶ್ಚಿಮಕ್ಕೆ ಮಾಡಿ ಹೂಳುವುದು ಪದ್ಧತಿ. ಹೆಂಗಸಾದರೆ ಎಡಮಗ್ಗುಲು, ತಲೆ ಪೂರ್ವಕ್ಕೆ. ಇಲ್ಲಿ ಮೂಳೆ ನೋಡಿದವರು ಗಂಡಸು ಅಂದರು. ಆದರೆ ಮಲಗಿದ್ದು ಎಡಕ್ಕೆ. ಆಯುಧ ಇಲ್ಲ, ಪಕ್ಕದಲ್ಲಿ ಮಡಕೆಗಳು. ಮೂರನೇ ಲಿಂಗದವರು ಇರಬಹುದು ಅಂತ ಅಗೆದವರು ಹೇಳಿದರು. ಇರಬಹುದು, ಬೇಡ ಅಂದವರ್ಯಾರು?

ಪತ್ರಿಕೆಗಳಿಗೆ ಅಷ್ಟು ಸಾಲುತ್ತಾ? ‘ಮೊದಲ ಸಲಿಂಗಿ ಗುಹಾಮಾನವ’ ಅಂತ ಊರೂರಿಗೆ ಡಂಗುರ ಹೊಡೆದವು. ಪಾಪ, ಆತ ಗುಹೆಯವನೇ ಅಲ್ಲ, ಹೊಲ ದನ ನಂಬಿಕೊಂಡಿದ್ದ ಕಾಲದವನು. ಯಾರ ಮೇಲೆ ಮನಸ್ಸಿತ್ತು ಅಂತ ಮಡಕೆ ಮೇಲೇನು ಬರೆದಿಟ್ಟಿದ್ದನಾ? ಎಡಮಗ್ಗುಲಿಗೆ ಮಲಗಿದ್ದ, ಅಷ್ಟರಿಂದಲೇ ಎಲ್ಲ ಹೇಳಿಬಿಟ್ಟರು. ನಮ್ಮೂರಿನ ವಾಸ್ತು ನೋಡುವವರೂ ಇಷ್ಟು ಮುಂದೆ ಹೋಗುವುದಿಲ್ಲ.

ಇನ್ನು ಸ್ವೀಡನ್ನಿನ ಬಿರ್ಕಾ. ಸಾವಿರ ವರ್ಷದ ಹಿಂದೆ ಕಡಲ ಮೇಲೆ ವ್ಯಾಪಾರ, ದಾಳಿ ಮಾಡುತ್ತಿದ್ದ ವೈಕಿಂಗರ ಊರು. 1878ರಲ್ಲಿ ಪುರಾತತ್ವಜ್ಞ ಯಾಲ್ಮರ್ ಸ್ಟೋಲ್ಪೆ ಅಗೆಸಿದ ಗೋರಿಯೊಂದರಲ್ಲಿ ಕತ್ತಿ, ಕೊಡಲಿ, ಈಟಿ, ಬಾಣ, ಎರಡು ಕುದುರೆ, ಜೊತೆಗೆ ಪಟದಾಟದ ಕಾಯಿಗಳು. ಇಷ್ಟೆಲ್ಲ ಇದ್ದ ಮೇಲೆ ಮೂಳೆ ಯಾಕೆ ನೋಡಬೇಕು? ಗಂಡಸು, ಅದೂ ಭಾರಿ ವೀರ. 1970ರ ದಶಕದಲ್ಲೇ ಮೂಳೆ ನೋಡಿ ಇದು ಹೆಂಗಸಲ್ವಾ ಅಂದವರಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

2017ರಲ್ಲಿ ಪುರಾತತ್ವಜ್ಞೆ ಶಾರ್ಲೋಟ್ ಹೆಡೆನ್‌ಸ್ಟೀರ್ನಾ-ಯಾನ್ಸನ್ ಮತ್ತವರ ಜೊತೆಗಾರರು ಡಿಎನ್‌ಎ ತೆಗೆದರು. ಗಂಡಸರಲ್ಲಿ ಇರುವ ವೈ ಕ್ರೋಮೋಸೋಮ್ ಇಲ್ಲವೇ ಇಲ್ಲ. ಆಗ ನೋಡಬೇಕಿತ್ತು ಗಡಿಬಿಡಿ! ಮೂಳೆ ಅದಲುಬದಲಾಗಿರಬೇಕು. ಗೋರಿಯಲ್ಲಿ ಇನ್ನೊಬ್ಬ ಇದ್ದಿರಬೇಕು. ಕತ್ತಿ ಬೇರೆ ಯಾರದೋ ಇರಬೇಕು. ನಿಜವಾಗಿ ಯುದ್ಧ ಮಾಡಿದ್ದರೆ ಮೈಮೇಲೆ ಗಾಯ ಎಲ್ಲಿ?

ಇದೇ ಮೂಳೆ 139 ವರ್ಷ ಗಂಡಸಾಗಿ ಬಿದ್ದಿದ್ದಾಗ ‘ಗಾಯ ತೋರಿಸಪ್ಪ’ ಅಂತ ಯಾರೂ ಕೇಳಿರಲಿಲ್ಲ.